ಹರಳೆಣ್ಣೆ ಹಾಕಿ ತಿಕ್ಕಿದರೆ ಆರ್ಮ್ ಲಿಫ್ಟ್ ಕಲೆ ಕರಗುತ್ತಾ?

ಪ್ರಶ್ನೆ: ನನಗೆ ಆರ್ಮ್ ಲಿಫ್ಟ್ ಆಪರೇಷನ್ ಆಗಿ 18 ದಿನ ಆಯಿತು. ಹೊಲಿಗೆ ಒಣಗಿದ ಹಾಗೇ ಕಾಣುತ್ತದೆ. ಈಗಿನಿಂದಲೇ ಹರಳೆಣ್ಣೆ ಬೆಚ್ಚಗೆ ಮಾಡಿ ಜೋರಾಗಿ ತಿಕ್ಕಿದರೆ ಕಲೆ ಕರಗಿಹೋಗುತ್ತದೆ ಅಂತ ನಮ್ಮತ್ತೆ ಹೇಳುತ್ತಿದ್ದಾರೆ. ಶುರು ಮಾಡಲಾ? (ಬಸವೇಶ್ವರನಗರದ ಒಬ್ಬ ಓದುಗರು)

ಬೇಡ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನಿಲ್ಲಿಸಿದರೆ ಮುಂದಿನ ವಾರ ಇದೇ ಪ್ರಶ್ನೆ ಕೊಬ್ಬರಿ ಎಣ್ಣೆಯ ಹೆಸರಲ್ಲಿ ಬರುತ್ತದೆ, ಅದರ ಮುಂದಿನ ವಾರ ಗಾಣದ ಎಳ್ಳೆಣ್ಣೆಯ ಹೆಸರಲ್ಲಿ. ನಾನು ಫಿಸಿಯೋಥೆರಪಿಸ್ಟ್ ಆಗಿ ಇಪ್ಪತ್ತು ವರ್ಷ ಆಯಿತು. ಇದನ್ನು ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ಅದಕ್ಕೇ ಈ ಸಲ ಉದ್ದಕ್ಕೆ ಬರೆಯುತ್ತಿದ್ದೇನೆ. ಅತ್ತೆಯವರಿಗೂ ಓದಿ ಹೇಳಿ.

ಆರ್ಮ್ ಲಿಫ್ಟ್ ಅಂದರೆ ಏನು ಅಂತ ನಿಮಗೆ ವಿವರಿಸಬೇಕಿಲ್ಲ. ತೂಕ ಇಳಿದ ಮೇಲೆ ತೋಳಿನಡಿ ಜೋತುಬಿದ್ದ ಚರ್ಮ ತೆಗೆದಿದ್ದಾರೆ. ಕಂಕುಳಿನಿಂದ ಮೊಣಕೈ ಹತ್ತಿರದವರೆಗೆ ಒಂದು ಉದ್ದ ಗೆರೆ ಉಳಿದಿದೆ. ಕೆಲವರಿಗೆ ಅದು ತೋಳಿನ ಒಳಬದಿಗೆ, ಕೆಲವರಿಗೆ ಹಿಂಬದಿಗೆ. ದೇಹದಲ್ಲಿ ಕಲೆ ಚೆನ್ನಾಗಿ ಕೂರಲು ಇದಕ್ಕಿಂತ ಕಷ್ಟದ ಜಾಗಗಳು ಕಡಿಮೆ. ಕೈ ಎತ್ತಿದರೆ ಎಳೆಯುತ್ತದೆ, ಇಳಿಸಿದರೆ ಉಜ್ಜುತ್ತದೆ, ಕಂಕುಳಲ್ಲಿ ಬೆವರು ಬೇರೆ. ಹೊಲಿಗೆ ಬಿಟ್ಟುಕೊಳ್ಳುವುದಾದರೆ ಹೆಚ್ಚಾಗಿ ಕಂಕುಳಿನ ಹತ್ತಿರವೇ ಬಿಡುವುದು.

ಈಗ ‘ಒಣಗಿದ ಹಾಗೇ ಕಾಣುತ್ತದೆ’ ಅನ್ನುವ ಮಾತಿಗೆ ಬರೋಣ. ಬೆಂಗಳೂರಲ್ಲಿ ಮನೆ ಕಟ್ಟುವುದನ್ನು ನೋಡದವರು ಯಾರಿದ್ದಾರೆ? ಮೋಲ್ಡ್ ಹಾಕಿದ ಮಾರನೇ ದಿನ ಅದರ ಮೇಲೆ ಓಡಾಡಬಹುದು. ಒಣಗಿದ ಹಾಗೇ ಇರುತ್ತದೆ. ಹಾಗಂತ ಮೂರನೇ ದಿನಕ್ಕೆ ಸೆಂಟ್ರಿಂಗ್ ಬಿಚ್ಚುತ್ತಾರಾ? ಬಿಚ್ಚಿದರೆ ಮೇಸ್ತ್ರಿ ಊರು ಬಿಡಬೇಕು. ಗಾಯವೂ ಹಾಗೇ. ಮೇಲಿನ ಪದರ ಎರಡು ವಾರದಲ್ಲಿ ಕೂಡಿಕೊಳ್ಳುತ್ತದೆ. ಒಳಗಿನ ಗಟ್ಟಿತನದ ಲೆಕ್ಕವೇ ಬೇರೆ. ಮಾಮೂಲಿ ಚರ್ಮಕ್ಕೆ ಹೋಲಿಸಿದರೆ ಹೊಲಿದ ಗಾಯದ ಬಲ ಮೊದಲ ವಾರದ ಕೊನೆಗೆ ಸುಮಾರು ಶೇ. 3, ಮೂರನೇ ವಾರಕ್ಕೆ ಸುಮಾರು ಶೇ. 20, ಮೂರು ತಿಂಗಳಿಗೆ ಸುಮಾರು ಶೇ. 80. ಅದಕ್ಕಿಂತ ಮೇಲೆ ಅದು ಹೋಗುವುದೇ ಇಲ್ಲ. ನೀವಿರುವುದು 18ನೇ ದಿನದಲ್ಲಿ. ಐದರಲ್ಲಿ ಒಂದು ಪಾಲೂ ಬಲವಿಲ್ಲದ ಜಾಗವನ್ನು ಅತ್ತೆಯವರು ಬಲವೆಲ್ಲ ಹಾಕಿ ತಿಕ್ಕಿದರೆ ಏನಾಗುತ್ತದೆ ಅಂತ ನೀವೇ ಯೋಚಿಸಿ. ಹೀಗೇ 12ನೇ ದಿನಕ್ಕೆ ತಿಕ್ಕಿಸಿಕೊಂಡ ಒಬ್ಬರು ನನ್ನ ಹತ್ತಿರ ಬಂದಿದ್ದರು. ಕಂಕುಳಿನ ಬಳಿ ಎರಡು ಬೆರಳಗಲ ಬಾಯಿ ಬಿಟ್ಟಿತ್ತು. ಒಂದು ತಿಂಗಳು ಡ್ರೆಸ್ಸಿಂಗ್. ಕೊನೆಗೆ ಆ ಎರಡು ಬೆರಳಗಲದ ಜಾಗವೇ ಇಡೀ ಗೆರೆಯಲ್ಲಿ ಎದ್ದು ಕಾಣುವ ಕಲೆಯಾಗಿ ಉಳಿಯಿತು.

ಸರಿ, ಜೋರಾಗಿ ಬೇಡ, ತಡವಾಗಿಯೇ ಶುರು ಮಾಡುತ್ತೇವೆ. ಎಣ್ಣೆಯಾದರೂ ಕಲೆ ಕರಗಿಸುತ್ತದಲ್ವಾ? ಇಲ್ಲ. ಇದೇ ಎಷ್ಟು ಬಡಿದರೂ ಸಾಯದ ಹಾವು.

ಕಲೆ ಅಂದರೆ ಕೊಬ್ಬಿನ ಗಂಟಲ್ಲ, ಕರಗುವುದಕ್ಕೆ. ಗಾಯ ಮುಚ್ಚಲು ದೇಹ ಅವಸರದಲ್ಲಿ ನೇಯ್ದ ಕೊಲಾಜೆನ್ ಅನ್ನುವ ಪ್ರೋಟೀನಿನ ಎಳೆಗಳು ಅವು. ಮೊದಲು ಅಡ್ಡಾದಿಡ್ಡಿ ನೇಯುತ್ತದೆ. ಆಮೇಲೆ ತಾನೇ ಬಿಚ್ಚುತ್ತದೆ, ಮತ್ತೆ ನೇಯುತ್ತದೆ. ಈ ರಿಪೇರಿ ಒಂದು ವರ್ಷ, ಕೆಲವರಿಗೆ ಒಂದೂವರೆ ವರ್ಷ ನಡೆಯುತ್ತದೆ. ಮೇಲೆ ಹಚ್ಚಿದ ಯಾವ ಎಣ್ಣೆಯೂ ಒಳಗಿಳಿದು ಆ ಎಳೆಗಳನ್ನು ಕರಗಿಸುವುದಿಲ್ಲ.

ಹಾಗಾದರೆ ಪಕ್ಕದ ಮನೆಯವರಿಗೆ ಹೇಗೆ ಹೋಯಿತು? ಗಮನವಿಟ್ಟು ಕೇಳಿ, ಇಡೀ ನಂಬಿಕೆ ನಿಂತಿರುವುದೇ ಇಲ್ಲಿ. ಹೊಸ ಕಲೆ ದಿನದಿಂದ ದಿನಕ್ಕೆ ಒಳ್ಳೆಯದಾಗುತ್ತಾ ಹೋಗುವುದಿಲ್ಲ. ಮೊದಲು ಕೆಡುತ್ತದೆ. ಮೊದಲ ತಿಂಗಳು ತೆಳು ಗೆರೆಯಂತಿದ್ದದ್ದು ಎರಡನೇ, ಮೂರನೇ ತಿಂಗಳಲ್ಲಿ ಕೆಂಪಗೆ ಅಥವಾ ಕಂದಾಗಿ ಉಬ್ಬುತ್ತದೆ, ಗಡಸಾಗುತ್ತದೆ, ನವೆಯಾಗುತ್ತದೆ. ಜನ ಗಾಬರಿಯಾಗುವುದು ಆಗಲೇ. ಗಾಬರಿಯಲ್ಲಿ ಎಣ್ಣೆ ಬಾಟಲಿ ಕೈಗೆ ಬರುತ್ತದೆ. ನಾಲ್ಕನೇ ತಿಂಗಳಿಂದ ಹಚ್ಚುತ್ತಾರೆ. ಆ ಹೊತ್ತಿಗೆ ಕಲೆ ತಾನಾಗಿಯೇ ಮೆತ್ತಗಾಗಲು, ಮಂಕಾಗಲು ಶುರುವಾಗಿರುತ್ತದೆ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಗುತ್ತದೆ. ಹೆಸರು ಹರಳೆಣ್ಣೆಗೆ.

ವಿಟಮಿನ್ ಇ ಕ್ಯಾಪ್ಸೂಲ್ ಒಡೆದು ಹಚ್ಚುವವರಿಗೂ ಇದೇ ಮಾತು. ಅದನ್ನು ಪರೀಕ್ಷೆ ಮಾಡಿಯೂ ನೋಡಿದ್ದಾರೆ. 1999ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪುಟ್ಟ ಅಧ್ಯಯನದಲ್ಲಿ 15 ಜನರ ಗಾಯದ ಅರ್ಧ ಭಾಗಕ್ಕೆ ಬರೀ ಮುಲಾಮು, ಉಳಿದರ್ಧಕ್ಕೆ ವಿಟಮಿನ್ ಇ ಬೆರೆಸಿದ ಮುಲಾಮು ಹಚ್ಚಿದರು. ವಿಟಮಿನ್ ಇ ಹಚ್ಚಿದ ಕಡೆ ಕಲೆಗೆ ಲಾಭವೇನೂ ಆಗಲಿಲ್ಲ. ಮೂರರಲ್ಲಿ ಒಬ್ಬರಿಗೆ ಅದು ಚರ್ಮಕ್ಕೆ ಒಗ್ಗದೆ ಅಲರ್ಜಿಯಾಯಿತು. ಚಿಕ್ಕ ಅಧ್ಯಯನ, ಒಪ್ಪುತ್ತೇನೆ. ಆದರೆ ವಾಟ್ಸಾಪ್‌ನಲ್ಲಿ ಬಂದ ಮಾತಿಗಿಂತ 15 ಜನರೇ ಮೇಲು.

ಅತ್ತೆಯವರ ಮುಂದಿನ ವಾದ ನನಗೆ ಗೊತ್ತು. ‘ಬಾಣಂತನದಲ್ಲಿ ಎಣ್ಣೆ ನೀರು ಹಾಕಿಸಿಕೊಂಡಾಗ ಮೈ ಎಷ್ಟು ಹಗುರಾಯ್ತು!’ ಆಯ್ತು, ಖಂಡಿತ ಆಗಿರುತ್ತದೆ. ಮನೆಗೆ ಬಂದು ಬಾಣಂತಿಗೆ ಎಣ್ಣೆ ಹಚ್ಚುವ ಆ ಅಮ್ಮಂದಿರ ಕೈ ಬಗ್ಗೆ ನನಗೆ ಗೌರವವಿದೆ. ಆದರೆ ಅವರು ನೀವುವುದು ದಣಿದ ಸೊಂಟ, ಬೆನ್ನು, ಕಾಲಿನ ಸ್ನಾಯುಗಳನ್ನು. ಅಲ್ಲಿ ಕೈ ಜಾರಬೇಕು, ಎಣ್ಣೆ ಬೇಕು. ಕಲೆಯ ಮಸಾಜಿನಲ್ಲಿ ಕೈ ಜಾರಬಾರದು. ಬೆರಳಿಗೆ ಅಂಟಿಕೊಂಡ ಹಾಗೆ ಚರ್ಮವೂ ಬೆರಳಿನ ಜೊತೆ ಸರಿಯಬೇಕು. ಕೆಳಗಿನ ಪದರಕ್ಕೆ ಕಚ್ಚಿಕೊಂಡಿರುವ ಕಲೆಯನ್ನು ಸಡಿಲ ಮಾಡುವುದು ಉದ್ದೇಶ. ಎಣ್ಣೆ ಸುರಿದುಕೊಂಡರೆ ಬೆರಳು ಮೇಲೆ ಮೇಲೆ ಜಾರುತ್ತದೆ, ಕಲೆ ಇದ್ದಲ್ಲೇ ಇರುತ್ತದೆ. ಎಣ್ಣೆ ಜಾಸ್ತಿಯಾದಷ್ಟೂ ಮಸಾಜ್ ಕಡಿಮೆ. ಕನ್ನಡದಲ್ಲಿ ನೀವುವುದು, ಒತ್ತುವುದು, ಉಜ್ಜುವುದು, ತಿಕ್ಕುವುದು ಅಂತ ಎಷ್ಟೊಂದು ಪದಗಳಿವೆ. ತಿಕ್ಕುವುದು ಪಾತ್ರೆಯನ್ನು.

ಹಾಗಾದರೆ ಯಾವಾಗ? ಗಾಯ ಪೂರ್ತಿ ಮುಚ್ಚಿರಬೇಕು. ಹಕ್ಕಳೆ ಎಲ್ಲ ಉದುರಿರಬೇಕು. ಎಲ್ಲಿಂದಲೂ ನೀರು ಒಸರಬಾರದು. ನಿಮ್ಮ ಸರ್ಜನ್ ‘ಹೂಂ’ ಅಂದಿರಬೇಕು. ಸಾಮಾನ್ಯವಾಗಿ ಇದು 4ರಿಂದ 6 ವಾರದ ನಡುವೆ. ಒಂದೇ ಗೆರೆಯಲ್ಲಿ ಮೊಣಕೈ ಕಡೆ ಗಾಯ ಮಾಗಿದ್ದು ಕಂಕುಳ ಕಡೆ ಇನ್ನೂ ಹಸಿಯಾಗಿರಬಹುದು. ಮಾಗಿದ ಕಡೆ ಮಾತ್ರ ಶುರು ಮಾಡಿ.

ಹೇಗೆ? ಕೈ ತೊಳೆದುಕೊಳ್ಳಿ, ಉಗುರು ಕತ್ತರಿಸಿಕೊಳ್ಳಿ. ವಾಸನೆಯಿಲ್ಲದ ಮಾಯಿಶ್ಚರೈಸರ್ ಕಡಲೆಕಾಳಿನಷ್ಟು ಸಾಕು. ತೋಳನ್ನು ದಿಂಬಿನ ಮೇಲಿಟ್ಟು, ಇನ್ನೊಂದು ಕೈಯ ಎರಡು ಬೆರಳಿನ ಮೆತ್ತನೆ ಭಾಗವನ್ನು ಕಲೆಯ ಮೇಲೆ ಇಡಿ. ಚರ್ಮ ಬಿಳಿಚಿಕೊಳ್ಳುವಷ್ಟು ಒತ್ತಿ ಅಂತ ಪುಸ್ತಕಗಳಲ್ಲಿ ಬರೆದಿರುತ್ತಾರೆ. ನಮ್ಮ ಬಣ್ಣದ ಚರ್ಮದಲ್ಲಿ ಅದು ಕಾಣುವುದೇ ಕಷ್ಟ. ಒತ್ತುವ ಬೆರಳಿನ ಉಗುರಿನ ತುದಿ ಬೆಳ್ಳಗಾಯಿತಾ ನೋಡಿ, ಅಷ್ಟು ಸಾಕು. ಒತ್ತಿದ್ದನ್ನು ಬಿಡದೆ ಚರ್ಮವನ್ನು ಮೇಲೆ ಕೆಳಗೆ, ಅಡ್ಡಕ್ಕೆ, ಆಮೇಲೆ ಸಣ್ಣ ಸುತ್ತಿನಲ್ಲಿ ಸರಿಸಿ. ಒಂದು ಜಾಗ ಮುಗಿದರೆ ಬೆರಳೆತ್ತಿ ಪಕ್ಕದ ಜಾಗಕ್ಕೆ ಹೋಗಿ. ಕೆಲವು ವಾರ ಕಳೆದು ಕಲೆ ಒಗ್ಗಿದ ಮೇಲೆ ಅದನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಮೆಲ್ಲಗೆ ಎತ್ತಿ ಹೂಬತ್ತಿ ಹೊಸೆದ ಹಾಗೆ ಹೊಸೆಯಬಹುದು. ಒಂದು ಸಲಕ್ಕೆ 5ರಿಂದ 10 ನಿಮಿಷ, ದಿನಕ್ಕೆ ಎರಡು ಮೂರು ಸಲ. ಎಳೆದ ಹಾಗೆ ಅನ್ನಿಸಿದರೆ ಸರಿ. ನೋವಾದರೆ, ಮಸಾಜ್ ಮುಗಿದ ಮೇಲೂ ಕೆಂಪು ಇಳಿಯದಿದ್ದರೆ ಒತ್ತಡ ಜಾಸ್ತಿಯಾಯಿತು ಅಂತ ಅರ್ಥ.

ಇಷ್ಟು ಮಾಡಿದರೆ ಕಲೆ ಹೋಗುತ್ತಾ? ಹೋಗುವುದಿಲ್ಲ. ನವೆ, ಬಿಗಿತ ಕಡಿಮೆಯಾಗುತ್ತದೆ. ಕೈ ಎತ್ತುವಾಗ ಕಂಕುಳಲ್ಲಿ ಹಗ್ಗ ಎಳೆದ ಹಾಗಾಗುವುದು ಸಡಿಲಾಗುತ್ತದೆ. ತೋಳಿನ ಒಳಬದಿ ಜೋಮು ಹಿಡಿದಿದ್ದರೆ ಆ ಜಾಗ ಮುಟ್ಟಿಗೆ ಒಗ್ಗುತ್ತದೆ. ನೋಟದ ಮಟ್ಟಿಗೆ ಮಸಾಜಿನ ಬಗ್ಗೆ ಗಟ್ಟಿ ಪುರಾವೆ ಕಡಿಮೆ. ನನ್ನ ಕೆಲಸದ ಬಗ್ಗೆ ನಾನೇ ಹೀಗೆ ಹೇಳಬಾರದೇನೋ, ಆದರೂ ಇದ್ದದ್ದು ಇದ್ದ ಹಾಗೆ.

ನೋಟಕ್ಕೆ ಬೇಕಿದ್ದರೆ ಕಲೆಯ ಮೇಲೆ ಹಾಕುವ ಸಿಲಿಕೋನ್ ಹಾಳೆ ಅಥವಾ ಜೆಲ್. ಸುಟ್ಟ ಗಾಯದ ಕಲೆಗಳಿಗೆ 1980ರ ದಶಕದಿಂದ ಬಳಸುತ್ತಿದ್ದಾರೆ, ಈಗಲೂ ವೈದ್ಯರು ಮೊದಲು ಹೇಳುವುದು ಅದನ್ನೇ. ಅದು ಮಾಡುವ ಕೆಲಸ ಮೋಲ್ಡಿನ ಮೇಲೆ ಒದ್ದೆ ಗೋಣಿ ಹಾಸಿದ ಹಾಗೆ: ತೇವ ಆರದಂತೆ ನೋಡಿಕೊಳ್ಳುವುದು. ಹಾಳೆಯಾದರೆ ದಿನಕ್ಕೆ ಕನಿಷ್ಠ 12 ಗಂಟೆ, ಎರಡು ಮೂರು ತಿಂಗಳಾದರೂ ಇರಬೇಕು. ಏಪ್ರಿಲ್ ಸೆಕೆಯಲ್ಲಿ ಕಂಕುಳಲ್ಲಿ ಹಾಳೆ ನಿಲ್ಲುವುದಿಲ್ಲ, ಬೆವರುಸಾಲೆ ಏಳುತ್ತದೆ. ಅಲ್ಲಿಗೆ ಜೆಲ್ ತೆಳ್ಳಗೆ ಹಚ್ಚಿ, ಒಣಗಲು ಬಿಡಿ. ಇದೂ ಗಾಯ ಪೂರ್ತಿ ಮುಚ್ಚಿದ ಮೇಲೆಯೇ.

ಬಿಸಿಲಿನ ಬಗ್ಗೆ ಒಂದೇ ಮಾತು. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ತಂಪಾಗಿದೆ ಅಂತ ಬಿಸಿಲಿನ ಯುವಿ (ಅತಿನೇರಳೆ) ಕಿರಣ ಕಡಿಮೆಯಾಗುವುದಿಲ್ಲ. ಗೆರೆ ತೋಳಿನ ಹಿಂಬದಿಗೆ ಇದ್ದು ನೀವು ಸ್ಕೂಟರ್ ಓಡಿಸುವವರಾದರೆ ಒಂದು ವರ್ಷ ಉದ್ದ ತೋಳು ಅಥವಾ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್. ಇಲ್ಲದಿದ್ದರೆ ಕಲೆ ಕಪ್ಪಾಗುತ್ತದೆ. ಕಪ್ಪಾದದ್ದು ಇಳಿಯಲು ತಿಂಗಳುಗಟ್ಟಲೆ ಬೇಕು.

ಇನ್ನು ‘ಲಿಂಫ್ ಮಸಾಜ್ ಪ್ಯಾಕೇಜ್ ತಗೊಳ್ಳಲಾ’ ಅಂತ ಕೇಳುವವರು. ಅದು ಬೇರೆ, ಇದು ಬೇರೆ. ಅದು ಊತ ಇಳಿಸಲು, ನವಿಲುಗರಿ ಸವರಿದಷ್ಟು ಹಗುರವಾಗಿ ಮಾಡುವಂಥದ್ದು. ಸರ್ಜನ್ ಹೇಳಿದರೆ ಮಾತ್ರ, ಕಲಿತವರ ಕೈಯಲ್ಲಿ ಮಾತ್ರ. ಒತ್ತಿ ಹಿಂಡುವವರು ಸಿಕ್ಕಿದರೆ ಎದ್ದು ಬನ್ನಿ. ಚರ್ಮದಡಿ ನೀರು ತುಂಬಿ ಒಂದು ಕಡೆ ಬಲೂನಿನ ಹಾಗೆ ಕುಲುಕಾಡಿದರೆ ಅದು ಮಸಾಜಿಗೆ ಹೋಗುವುದಿಲ್ಲ, ಡಾಕ್ಟರು ಸೂಜಿಯಲ್ಲಿ ತೆಗೆಯಬೇಕು. ಕೀವು, ಜ್ವರ, ಬಿಸಿಯಾದ ಕೆಂಪು, ಒಂದೇ ತೋಳು ಇದ್ದಕ್ಕಿದ್ದಂತೆ ಊದುವುದು, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ತೋರಿಸಿ.

ನಿಮ್ಮ ಚರ್ಮ ಎಂಥದ್ದು ಅಂತ ತಿಳಿಯಬೇಕಾ? ಎಡತೋಳಿನ ಮೇಲೆ ಹುಟ್ಟಿದಾಗ ಹಾಕಿದ ಬಿಸಿಜಿ ಚುಚ್ಚುಮದ್ದಿನ ಗುರುತು ನೋಡಿಕೊಳ್ಳಿ. ಚಪ್ಪಟೆಯಾಗಿದ್ದರೆ ಅಷ್ಟರಮಟ್ಟಿಗೆ ಸಮಾಧಾನ. ಅದು ಗಂಟಾಗಿ ಬೆಳೆದಿದ್ದರೆ, ಕಿವಿ ಚುಚ್ಚಿಸಿದ ಜಾಗ ಉಬ್ಬಿದ್ದರೆ, ಡಾಕ್ಟರಿಗೆ ಮೊದಲೇ ಹೇಳಿ. ಗಾಯದ ಗೆರೆ ದಾಟಿ ಆಚೀಚೆ ಹರಡುವ ಕಲೆ ಕೀಲಾಯ್ಡ್. ಅದನ್ನು ಒತ್ತಿ ಉಜ್ಜಿ ಕೆರಳಿಸುವುದು ಬೇಡ. ಚರ್ಮದ ಡಾಕ್ಟರು ಕಲೆಯೊಳಗೇ ಸ್ಟಿರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ.

ಇಷ್ಟೆಲ್ಲ ಕೇಳುವ ನೀವು ಕೇಳದೇ ಇರುವ ಒಂದು ಪ್ರಶ್ನೆ ಇದೆ. ಬ್ಲೌಸ್. ತೋಳು ತೆಳ್ಳಗಾಯಿತು ಅಂತ ಆರನೇ ವಾರಕ್ಕೇ ಟೈಲರ್ ಹತ್ತಿರ ಓಡುತ್ತೀರಿ, ಅದರಲ್ಲೂ ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂದರೆ. ಊತ ಪೂರ್ತಿ ಇಳಿಯಲು ಮೂರು ತಿಂಗಳಾದರೂ ಬೇಕು, ಕೆಲವರಿಗೆ ಆರು. ಈಗ ಹೊಲಿಸಿದ್ದು ಆಗ ದೊಗಳೆ. ಅದಕ್ಕಿಂತ ತೊಂದರೆ ಏನೆಂದರೆ, ಬಿಗಿ ಬ್ಲೌಸಿನ ಕಂಕುಳ ಹೊಲಿಗೆ ಸರಿಯಾಗಿ ನಿಮ್ಮ ಗೆರೆಯ ಮೇಲೆಯೇ ಕೂರುತ್ತದೆ. ನೀವು ಹತ್ತು ನಿಮಿಷ ಮೆಲ್ಲಗೆ ಒತ್ತಿ ಮೆತ್ತಗೆ ಮಾಡಿದ್ದನ್ನು ಅದು ಮದುವೆ ಮನೆಯಲ್ಲಿ ಎಂಟು ಗಂಟೆ ಉಜ್ಜುತ್ತದೆ. ರೇಷ್ಮೆ ಬ್ಲೌಸಿನ ತೋಳಿನ ಜರಿ ಅಂಚು ಒಳಗಿನಿಂದ ಎಷ್ಟು ಒರಟು ಅಂತ ಒಂದು ಸಲ ಕೈಯಾಡಿಸಿ ನೋಡಿ. ತಡೆಯಲಾಗದೆ ಹೊಲಿಸಲೇಬೇಕಾದರೆ ಕಂಕುಳು ಸ್ವಲ್ಪ ಸಡಿಲ ಇಡಿಸಿ, ತೋಳಿಗೆ ಹತ್ತಿ ಲೈನಿಂಗ್ ಕೊಡಿಸಿ, ಒಳಗೆ ಬಟ್ಟೆ ಬಿಡಿಸಿ. ಮತ್ತೆ ದಯವಿಟ್ಟು ಟೈಲರಿಗೆ ಹಳೇ ಅಳತೆ ಬ್ಲೌಸ್ ಕೊಟ್ಟು ಬರಬೇಡಿ. ಆ ತೋಳು ಈಗ ನಿಮ್ಮದಲ್ಲ.