ಸುಕ್ಕಾದ ಡೆಕಾಲ್ ಮುಟ್ಟಬೇಡಿ

ಬಜ್ಜಿ ಕಟ್ಟಿಕೊಟ್ಟ ಕಾಗದ ನೋಡಿದ್ದೀರಲ್ವಾ? ಎಣ್ಣೆ ಹತ್ತಿದ ಕಡೆ ಆಚೆಬದಿ ಕಾಣುತ್ತದೆ. ನಾರುಗಳ ನಡುವೆ ಗಾಳಿ ಇದ್ದರೆ ಬೆಳಕು ಚದುರಿ ಕಾಗದ ಬೆಳ್ಳಗಿರುತ್ತದೆ. ಗಾಳಿಯ ಜಾಗಕ್ಕೆ ಎಣ್ಣೆ ಬಂತೋ, ಬೆಳಕು ಹಾದುಹೋಗುತ್ತದೆ.

ಮಾಡೆಲ್ ವಿಮಾನಕ್ಕೆ ಡೆಕಾಲ್ ಅಂಟಿಸುವವರ ತಲೆನೋವೂ ಇದೇ ಗಾಳಿ. ಡೆಕಾಲ್ ಅಂದರೆ ತೆಳುವಾದ ಪೊರೆ, ಅದರ ಮೇಲೊಂದು ಅಚ್ಚು. ನೀರಲ್ಲಿ ನೆನೆಸಿದರೆ ಕಾಗದದ ಮೇಲಿನ ಅಂಟು ಕರಗಿ ಪೊರೆ ಜಾರಿ ಬರುತ್ತದೆ. ಮ್ಯಾಟ್ ಬಣ್ಣದ ತರಿತರಿ ಮೈ ಮೇಲೆ ಕೂರಿಸಿದರೆ ಅಡಿಯಲ್ಲಿ ಗಾಳಿ ಉಳಿದು, ಒಣಗಿದ ಮೇಲೆ ಬೆಳ್ಳಿಯ ಹಾಗೆ ಮಿನುಗುತ್ತದೆ. ಇದೇ ಸಿಲ್ವರಿಂಗ್. ಹಾಗಾಗಿ ಮೊದಲು ಹೊಳಪಿನ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ವಾರ್ನಿಶ್, ಹೊಡೆಯಿರಿ. ಅದಿಲ್ಲದೆ ಯಾವ ಬಾಟಲಿ ತಂದರೂ ಪ್ರಯೋಜನ ಕಡಿಮೆ.

ಬಾಟಲಿಗಳಲ್ಲಿ ಎರಡು ಬಗೆ. ಮೈಕ್ರೋ ಸೆಟ್‌ನಂಥದ್ದು ಡೆಕಾಲ್‌ನ ಅಡಿಗೆ. ಮುಚ್ಚಳ ತೆಗೆದರೆ ವಿನೆಗರ್ ವಾಸನೆ. ಕೆಸುವಿನ ಎಲೆ ಮೇಲಿನ ಹನಿಯಂತೆ ನೀರು ಗುಂಡಗೆ ನಿಲ್ಲಲು ಇದು ಬಿಡುವುದಿಲ್ಲ, ಹರಡಿಸುತ್ತದೆ. ಮೈಕ್ರೋ ಸಾಲ್‌ನಂಥದ್ದು ಮೇಲಿನಿಂದ ಹಚ್ಚಲು. ಅದು ಪೊರೆಯ ಉದ್ದುದ್ದ ಅಣುಗಳ ನಡುವೆ ನುಗ್ಗಿ ಅವುಗಳ ಹಿಡಿತ ಸಡಿಲಿಸುತ್ತದೆ. ಮೆತ್ತಗಾದ ಪೊರೆ ಉಬ್ಬಿ ಸುಕ್ಕಾಗುತ್ತದೆ.

ಆಗ ಎದೆ ಧಸಕ್ಕೆನ್ನುತ್ತದೆ, ಬೆರಳು ತಾನಾಗಿ ಹೋಗುತ್ತದೆ. ದಯವಿಟ್ಟು ಮುಟ್ಟಬೇಡಿ! ನಾನು ಮುಟ್ಟಿ ಒಂದು ರೌಂಡೆಲ್ (ಯಾವ ದೇಶದ ವಿಮಾನ ಎಂದು ತೋರಿಸುವ ದುಂಡನೆಯ ಗುರುತು) ಹರಿದುಕೊಂಡಿದ್ದೇನೆ. ದ್ರಾವಣ ಆರುತ್ತಾ ಬಂದಂತೆ ಪೊರೆ ತಾನೇ ಬಿಗಿದು, ವಿಮಾನದ ಮೈಯ ತಗಡುಗಳ ಸಂದು ತೋರಿಸುವ ಪ್ಯಾನೆಲ್ ಗೆರೆಗಳೊಳಗೆ ಇಳಿಯುತ್ತದೆ. 1:72 ಅಳತೆಯ, ಅಂದರೆ ನಿಜದ್ದರ ಎಪ್ಪತ್ತೆರಡನೇ ಒಂದು ಪಾಲಿನ, ಸ್ಪಿಟ್‌ಫೈರ್ ಯುದ್ಧವಿಮಾನದ ರೆಕ್ಕೆ ತುದಿಯಿಂದ ತುದಿಗೆ ಹದಿನಾರು ಸೆಂಟಿಮೀಟರ್ ಕೂಡ ಇಲ್ಲ. ಅದರ ಕೂದಲೆಳೆಯಂಥ ಗೆರೆ ರೌಂಡೆಲ್‌ನ ಮೇಲೂ ಮೂಡಿದಾಗ, ಅದು ಅಂಟಿಸಿದ್ದಲ್ಲ, ಬಣ್ಣ ಬಳಿದದ್ದೇ ಅನ್ನಿಸುತ್ತದೆ. ಆ ಕ್ಷಣಕ್ಕಾಗಿಯೇ ಇಷ್ಟು ಕಷ್ಟ.

ಮೆತ್ತಗಾಗಿಸುವ ದ್ರಾವಣಗಳಲ್ಲಿ ಯಾವುದನ್ನು ಆರಿಸಬೇಕು? ಬ್ರ್ಯಾಂಡ್‌ಗಿಂತ ಪೊರೆಯ ದಪ್ಪ ನೋಡಿ. ತೆಳು ಡೆಕಾಲ್‌ಗೆ ಮೈಕ್ರೋ ಸಾಲ್ ಸಾಕು. ಮಾಡೆಲ್ ಕಿಟ್ ಕಂಪನಿ ತಮಿಯಾದ ದಪ್ಪ ಡೆಕಾಲ್‌ಗೆ ಮಿಸ್ಟರ್ ಮಾರ್ಕ್ ಸಾಫ್ಟರ್ ಅಥವಾ ತಮಿಯಾದ್ದೇ ಮಾರ್ಕ್ ಫಿಟ್ ಸ್ಟ್ರಾಂಗ್ ಬೇಕಾಗಬಹುದು. ಸಾಲ್ವಾಸೆಟ್ ಇನ್ನೂ ಜೋರು. ತೆಳು ಪೊರೆಯನ್ನು ಹಾಳು ಮಾಡೀತು, ಅಡಿಯ ಅಕ್ರಿಲಿಕ್ ಬಣ್ಣವನ್ನೂ ತಿಂದೀತು. ಡೆಕಾಲ್ ಹಾಳೆಯ ಮೂಲೆಯಲ್ಲಿ ಕಂಪನಿಯ ಹೆಸರು ಅಚ್ಚಾಗಿರುತ್ತದಲ್ಲ, ಅದು ಹೇಗೂ ಬೇಡದ್ದು. ಅದನ್ನು ಅದೇ ಬಣ್ಣ ಹೊಡೆದ ಪ್ಲಾಸ್ಟಿಕ್ ಚೂರಿನ ಮೇಲೆ ಅಂಟಿಸಿ ಪರೀಕ್ಷೆ ಮಾಡಿ.

ಮರುದಿನ ಬೆಳಿಗ್ಗೆ ಎಲ್ಲಾದರೂ ಗಾಳಿಗುಳ್ಳೆ ಕಂಡರೆ ಸೂಜಿಯಿಂದ ಚುಚ್ಚಿ. ಮೇಲೊಂದು ಹನಿ ಅದೇ ದ್ರಾವಣ ಇಟ್ಟು, ಮತ್ತೆ ಸುಮ್ನೆ ಬಿಟ್ಟುಬಿಡಿ.