ಬೀಗ ಹಾಕಿದೆನೋ ಇಲ್ಲವೋ?

ಓದುಗರ ಪ್ರಶ್ನೆ: ನನಗೆ 58 ವರ್ಷ. ಮನೆ ಹಾಸನದಲ್ಲಿ, ಮಗಳು ಬೆಂಗಳೂರಿನಲ್ಲಿ. ತಿಂಗಳಿಗೊಮ್ಮೆ ಬಸ್ಸು ಹತ್ತುತ್ತೇನೆ. ಹೊರಡುವಾಗ ಬೀಗ ಹಾಕಿ ಮೂರು ಸಲ ಜಗ್ಗಿ ನೋಡುತ್ತೇನೆ. ಗ್ಯಾಸಿನ ರೆಗ್ಯುಲೇಟರನ್ನು ಎರಡು ಸಲ ಮುಟ್ಟಿ ಬಂದಿರುತ್ತೇನೆ. ಆದರೂ ಬಸ್ಸು ಶಾಂತಿಗ್ರಾಮದ ಟೋಲ್ ದಾಟುವಷ್ಟರಲ್ಲಿ ‘ಬೀಗ ಹಾಕಿದೆನೋ ಇಲ್ಲವೋ’ ಅಂತ ಶುರುವಾಗುತ್ತದೆ. ಎಷ್ಟು ತಿಣುಕಿದರೂ ಹಾಕಿದ್ದು ಕಣ್ಣಿಗೆ ಕಟ್ಟುವುದಿಲ್ಲ. ನಮ್ಮತ್ತೆಗೆ ಕೊನೆಗಾಲದಲ್ಲಿ ಮರೆವಿನ ಕಾಯಿಲೆ ಬಂದಿತ್ತು. ನನಗೂ ಅದೇ ಶುರುವಾಯಿತೇ?

ಮೊದಲು ಅತ್ತೆಯ ವಿಷಯ ಮುಗಿಸಿಬಿಡೋಣ. ಅತ್ತೆಯಿಂದ ಸೊಸೆಗೆ ಬಳೆ ಬರಬಹುದು, ಬೀಗದ ಕೈ ಗೊಂಚಲು ಬರಬಹುದು. ಮರೆವಿನ ಕಾಯಿಲೆ ಹಾಗೆ ಬರುವುದಿಲ್ಲ, ಅವರ ರಕ್ತ ಬೇರೆ, ನಿಮ್ಮದು ಬೇರೆ. ಇನ್ನು ನೀವು ಬರೆದಿರುವ ಅನುಮಾನ ಆ ಕಾಯಿಲೆಯ ಲಕ್ಷಣದ ಹಾಗೆ ಕಾಣುವುದಿಲ್ಲ. ಈ ಪ್ರಶ್ನೆ ಕೇಳುವವರು ನೀವೊಬ್ಬರೇ ಅಲ್ಲ. ಒಬ್ಬರಿಗೆ ಗೀಸರು, ಇನ್ನೊಬ್ಬರಿಗೆ ಇಸ್ತ್ರಿಪೆಟ್ಟಿಗೆ, ಸಕಲೇಶಪುರದ ಕಡೆಯವರಿಗೆ ಕಾಫಿ ಗೋಡೌನಿನ ಬೀಗ. ಇಪ್ಪತ್ತೈದರ ಹುಡುಗರೂ ಕೇಳುತ್ತಾರೆ.

ನನ್ನದೇ ಒಂದು ಸಂಗತಿ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ನಾವಿಬ್ಬರೂ ಬೆಂಗಳೂರಿಗೆ ಮದುವೆಗೆ ಹೊರಟಿದ್ದೆವು. ಚನ್ನರಾಯಪಟ್ಟಣ ಹತ್ತಿರ ಬಂದಾಗ ನನ್ನ ಹೆಂಡತಿ, “ರೀ, ಬೀಗ ಹಾಕಿದ್ರಾ?” ಅಂದಳು. “ನೀನೇ ಅಲ್ವೇನೇ ಹಾಕಿದ್ದು?” ಅಂದೆ. “ನಾನ್ಯಾಕೆ ಹಾಕ್ಲಿ, ಕೈತುಂಬ ಬ್ಯಾಗಿದ್ವಲ್ಲ.” ಆಮೇಲೆ ಇಬ್ಬರೂ ಸುಮ್ಮನೆ ಕಿಟಕಿಯ ಆಚೆ ನೋಡುತ್ತ ಕೂತೆವು. ಕೊನೆಗೆ ತಡೆಯಲಾರದೆ ಪಕ್ಕದ ಮನೆಯ ಅಜ್ಜಿಗೆ ಫೋನು ಹಚ್ಚಿದೆ. ಅವರು ಚಪ್ಪಲಿ ಮೆಟ್ಟಿ ಹೋಗಿ ನೋಡಿ ಬಂದು, “ಬೀಗ ಜೋತಾಡ್ತಾ ಐತೆ ಕಣಪ್ಪ, ಹೋಗಿ ಉಂಡ್ಕಂಡ್ ಬನ್ನಿ” ಅಂದರು. ಬೀಗದ ಕೈ ನನ್ನ ಪ್ಯಾಂಟಿನ ಜೇಬಿನಲ್ಲೇ ಇತ್ತು. ಹಾಕಿದವನು ನಾನೇ. ಆದರೆ ಆ ಬೆಳಗ್ಗೆ ಹೊಸಿಲ ಹತ್ತಿರ ನಿಂತದ್ದರಲ್ಲಿ ನನಗೆ ನೆನಪಿದ್ದದ್ದು ಒಂದೇ, ಮುಯ್ಯಿ ಕವರು ಎಲ್ಲಿಟ್ಟೆ ಅಂತ ಅಂಗಿಯ ಜೇಬು ತಡಕಾಡುತ್ತಿದ್ದದ್ದು. ಕವರಿನ ಮೇಲೆ ಅಂಟಿಸಿದ್ದ ಒಂದು ರೂಪಾಯಿ ನಾಣ್ಯ ಕೂಡ ಇವತ್ತಿಗೂ ಕಣ್ಣಮುಂದಿದೆ.

ಉತ್ತರ ಇರುವುದು ಅಲ್ಲೇ. ಮನಸ್ಸು ಮುಯ್ಯಿ ಕವರಿನ ಮೇಲಿತ್ತು, ಬೀಗವನ್ನು ಕೈ ಹಾಕಿತು. ಕೈ ಮಾಡಿದ ಕೆಲಸದ ಲೆಕ್ಕವನ್ನು ಮನಸ್ಸಿನ ಹತ್ತಿರ ಕೇಳಿದರೆ ಅದು ಎಲ್ಲಿಂದ ತಂದುಕೊಡುತ್ತದೆ?

ಕೈಯ ನೆನಪು ಬೇರೆ, ಮನಸ್ಸಿನ ನೆನಪು ಬೇರೆ ಅನ್ನುವುದು ಮಾತಿನ ಚಮತ್ಕಾರವಲ್ಲ. ಮಿದುಳಿನಲ್ಲಿ ಇವೆರಡಕ್ಕೂ ಬೇರೆ ಬೇರೆ ಜಾಗವಿದೆ. ಅದನ್ನು ಲೋಕಕ್ಕೆ ತೋರಿಸಿಕೊಟ್ಟವನು ಅಮೆರಿಕದ ಹೆನ್ರಿ ಮೊಲೈಸನ್ ಎಂಬ ರೋಗಿ. 1953ರಲ್ಲಿ, ಅವನಿಗೆ 27 ವರ್ಷವಿದ್ದಾಗ, ಹತೋಟಿಗೆ ಬಾರದ ಮೂರ್ಛೆರೋಗಕ್ಕೆಂದು ಮಿದುಳಿನ ಶಸ್ತ್ರಚಿಕಿತ್ಸೆ ಮಾಡಿ, ಎರಡೂ ಬದಿಯ ಹಿಪೊಕ್ಯಾಂಪಸ್ ಎಂಬ ಭಾಗದ ಬಹುಪಾಲನ್ನು ತೆಗೆದರು. ಮೂರ್ಛೆ ಕಡಿಮೆಯಾಯಿತು. ಆದರೆ ಅಂದಿನಿಂದ ಹೊಸದೇನೂ ಅವನ ನೆನಪಿನಲ್ಲಿ ನಿಲ್ಲಲಿಲ್ಲ. ಈಗಷ್ಟೇ ಮಾತಾಡಿ ಹೊರಗೆ ಹೋದವರು ಮತ್ತೆ ಒಳಗೆ ಬಂದರೆ ಹೊಸಬರು. ಬ್ರೆಂಡಾ ಮಿಲ್ನರ್ ಎಂಬ ಮನಶ್ಶಾಸ್ತ್ರಜ್ಞೆ ಅವನಿಗೊಂದು ಕೆಲಸ ಕೊಟ್ಟರು: ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಚಿತ್ರದ ಗೆರೆಯ ಮೇಲೆ ಪೆನ್ಸಿಲ್ ಎಳೆಯುವುದು. ಕನ್ನಡಿಯಲ್ಲಿ ಎಲ್ಲ ತಿರುಗುಮುರುಗಾಗುವುದರಿಂದ ಯಾರಿಗಾದರೂ ಮೊದಲು ಕೈ ಎಡವುತ್ತದೆ. ಮೂರು ದಿನ ಮಾಡಿಸಿದರು. ದಿನದಿಂದ ದಿನಕ್ಕೆ ಅವನ ಗೆರೆ ಅಚ್ಚುಕಟ್ಟಾಗುತ್ತ ಬಂತು. ಆದರೆ ಹಿಂದಿನ ದಿನ ಇದೇ ಕೆಲಸ ಮಾಡಿದ್ದೇನೆ ಅನ್ನುವುದು ಮಾತ್ರ ಅವನಿಗೆ ಗೊತ್ತಿರಲಿಲ್ಲ. ಕೈ ಕಲಿತಿತ್ತು, ಅವನು ಕಲಿತಿರಲಿಲ್ಲ. 2008ರಲ್ಲಿ ಅವನು ತೀರಿಕೊಳ್ಳುವವರೆಗೂ ವಿಜ್ಞಾನಿಗಳು ಅವನ ಗುರುತು ಬಿಟ್ಟುಕೊಡಲಿಲ್ಲ. ಬರಹಗಳಲ್ಲೆಲ್ಲ ಅವನು ಬರೀ ‘ಎಚ್.ಎಂ.’

ನಿಮ್ಮ ಹಿಪೊಕ್ಯಾಂಪಸ್ ಚೆನ್ನಾಗಿಯೇ ಇದೆ. ಬೀಗದ ಕೆಲಸಕ್ಕೆ ಅದನ್ನು ಯಾರೂ ಕರೆಯಲಿಲ್ಲ, ಅಷ್ಟೇ. ರೂಢಿಯಾದ ಕೆಲಸವನ್ನು ನೋಡಿಕೊಳ್ಳುವುದು ಮಿದುಳಿನ ಆಳದಲ್ಲಿರುವ ಸ್ಟ್ರೈಯೇಟಮ್ ಎಂಬ ಭಾಗ. ಅಮೆರಿಕದ ಎಂಐಟಿಯಲ್ಲಿ ಆನ್ ಗ್ರೇಬಿಯಲ್ ಅವರ ತಂಡ ಇಲಿಗಳನ್ನು ಟಿ ಆಕಾರದ ಓಣಿಯಲ್ಲಿ ಓಡಿಸಿ ಈ ಭಾಗದ ನರಕೋಶಗಳ ಸದ್ದನ್ನು ದಾಖಲಿಸಿತು. 1999ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಕಂಡದ್ದು ಇಷ್ಟು: ದಾರಿ ಹೊಸದಾಗಿದ್ದಾಗ ಓಟದುದ್ದಕ್ಕೂ ನರಕೋಶಗಳು ಚಟುವಟಿಕೆಯಿಂದಿದ್ದವು. ದಾರಿ ರೂಢಿಯಾದ ಮೇಲೆ ಚಟುವಟಿಕೆಯೆಲ್ಲ ಓಟದ ಆರಂಭಕ್ಕೂ ಕೊನೆಗೂ ಹೋಗಿ ಕೂತಿತು, ನಡುವೆ ಕಡಿಮೆಯಾಯಿತು. ಇಡೀ ಓಟ ಒಂದೇ ಗಂಟಾಗಿತ್ತು. ಬಾಗಿಲು ಎಳೆ, ಚಿಲಕ ಸೇರಿಸು, ಬೀಗ ತೂರಿಸು, ಒತ್ತು, ಕೀಲಿ ಬ್ಯಾಗಿಗೆ ಹಾಕು — ಮದುವೆಯಾದ ಹೊಸತರಲ್ಲಿ ಇವು ನಿಮಗೆ ಐದು ಕೆಲಸ. ಈಗ ಒಂದೇ ಕೆಲಸ, ಅದೂ ಗೇಟಿನ ಹೊರಗೆ ಆಟೊದವನು ಹಾರ್ನ್ ಹೊಡೆಯುತ್ತಿರುವಾಗ ಆಗಿಹೋಗುವ ಕೆಲಸ.

ದಿನಕ್ಕೆ ಒಂದೇ ಸಲ ಅಂದರೂ 30 ವರ್ಷಕ್ಕೆ ನೀವು ಬೀಗ ಹಾಕಿದ್ದು ಹತ್ತು ಸಾವಿರ ಸಲ ದಾಟುತ್ತದೆ. ಅದೇ ಬಾಗಿಲು, ಅದೇ ಬೀಗ, ಅದೇ ‘ಟಕ್’. ಒಂದರ ಮೇಲೊಂದು ಬಿದ್ದ ನೆನಪುಗಳಲ್ಲಿ ನಿನ್ನೆಯದು ಯಾವುದು ಇವತ್ತಿನದು ಯಾವುದು ಎಂದು ಬಿಡಿಸುವುದು ಕಷ್ಟ. ನಮ್ಮೂರ ಹಾಸನಾಂಬೆಯ ಗುಡಿಯ ಬಾಗಿಲನ್ನು ನೆನಪಿಸಿಕೊಳ್ಳಿ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ತೆಗೆಯುತ್ತಾರೆ, ದೀಪಾವಳಿ ಮುಗಿಯುತ್ತಿದ್ದಂತೆ ಮುಚ್ಚುತ್ತಾರೆ. ತೆಗೆಯುವ ಮುಂಚೆ ಅರಸು ಮನೆತನದವರು ಬಾಳೆಕಂದು ಕಡಿಯಬೇಕು. ಮುಚ್ಚುವಾಗ ಒಳಗೆ ದೀಪ ಹಚ್ಚಿಡುತ್ತಾರೆ, ಅಧಿಕಾರಿಗಳೆಲ್ಲ ಮುಂದೆ ನಿಂತಿರುತ್ತಾರೆ. ಆ ಬಾಗಿಲಿಗೆ ಬೀಗ ಹಾಕಿದ್ದೇವೋ ಇಲ್ಲವೋ ಅಂತ ಯಾರಾದರೂ ಅನುಮಾನ ಪಟ್ಟದ್ದುಂಟೇ? ವರ್ಷಕ್ಕೊಮ್ಮೆ ಬರುವುದು, ಉಳಿದುದರಿಂದ ಎದ್ದು ಕಾಣುವುದು ನೆನಪಿನಲ್ಲಿ ಉಳಿಯುತ್ತದೆ. ಜರ್ಮನಿಯ ಹೆಡ್ವಿಗ್ ಫಾನ್ ರೆಸ್ಟಾರ್ಫ್ 1933ರಲ್ಲೇ ಇದನ್ನು ಪ್ರಯೋಗ ಮಾಡಿ ತೋರಿಸಿದ್ದರು: ಒಂದೇ ತರದ ವಸ್ತುಗಳ ಪಟ್ಟಿಯಲ್ಲಿ ಬೇರೆ ಜಾತಿಯದೊಂದನ್ನು ಸೇರಿಸಿದರೆ ಜನಕ್ಕೆ ಅದೇ ಹೆಚ್ಚು ನೆನಪಿರುತ್ತದೆ. ನಿಮ್ಮ ಮನೆಯ ಬೀಗಕ್ಕೆ ಬಾಳೆಕಂದು ಕಡಿಯುವವರಿಲ್ಲ.

ಇನ್ನು ಬಸ್ಸಿನೊಳಗೆ ಏನಾಗುತ್ತದೆ ನೋಡಿ. ನೀವು ಕಣ್ಣು ಮುಚ್ಚಿ ಬೆಳಗಿನದನ್ನು ಮತ್ತೆ ಓಡಿಸುತ್ತೀರಿ. ಹಾಕಿದ ಹಾಗೆ ಕಾಣುತ್ತದೆ. ಮತ್ತೆ ಓಡಿಸಿದರೆ ಬಾಗಿಲು ಬರೀ ಎಳೆದುಕೊಂಡು ಬಂದ ಹಾಗೆ ಕಾಣುತ್ತದೆ. ಇವೆರಡರಲ್ಲಿ ಯಾವುದನ್ನೂ ನಂಬುವ ಹಾಗಿಲ್ಲ, ಯಾಕೆಂದರೆ ಎರಡನ್ನೂ ನೀವು ಬಸ್ಸಿನಲ್ಲಿ ಕೂತು ಹೆಣೆದದ್ದು. 1998ರಲ್ಲಿ ಲಿನ್ ಗಾಫ್ ಮತ್ತು ಹೆನ್ರಿ ರೋಡಿಗರ್ ಒಂದು ಪ್ರಯೋಗ ಮಾಡಿದರು. ಹಲ್ಲುಕಡ್ಡಿ ಮುರಿಯುವಂಥ ಸಣ್ಣಪುಟ್ಟ ಕೆಲಸಗಳಲ್ಲಿ ಕೆಲವನ್ನು ಜನರಿಂದ ಮಾಡಿಸಿದರು. ಇನ್ನೊಂದು ದಿನ ಕರೆದು ಕೆಲವನ್ನು ಬರೀ ಊಹಿಸಿಕೊಳ್ಳಲು ಹೇಳಿದರು, ಕೆಲವನ್ನು ಒಂದು ಸಲ, ಕೆಲವನ್ನು ಐದು ಸಲ. ಆಮೇಲೆ ಕೇಳಿದಾಗ, ಹೆಚ್ಚು ಸಲ ಊಹಿಸಿಕೊಂಡಷ್ಟೂ ಮಾಡದ ಕೆಲಸವನ್ನೇ ಮಾಡಿದ್ದೇವೆ ಅನ್ನುವವರು ಹೆಚ್ಚಿದರು. ಹಲ್ಲುಕಡ್ಡಿಯ ವಿಷಯದಲ್ಲಿ ಇಷ್ಟು ಮೋಸ ಹೋಗುವ ಮನಸ್ಸು, ಶಾಂತಿಗ್ರಾಮದಿಂದ ಹಿರೀಸಾವೆವರೆಗೆ ಬೀಗವನ್ನೇ ಧ್ಯಾನಿಸುತ್ತ ಕೂತರೆ ಎಷ್ಟು ಬೀಗ ಹಾಕುತ್ತದೆ, ಎಷ್ಟು ತೆಗೆಯುತ್ತದೆ ಹೇಳಿ!

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ‘ಮೂರು ಸಲ ಜಗ್ಗಿ ನೋಡುತ್ತೇನೆ’ ಅನ್ನುವ ಸಾಲಿನ ಮೇಲೆ. ಅದರ ಮುಂದೆ ನೀವು ‘ಆದರೂ’ ಅಂತ ಬರೆದಿದ್ದೀರಿ. ಅದು ‘ಅದಕ್ಕೇ’ ಆಗಿರಬಹುದು.

ನೆದರ್‌ಲ್ಯಾಂಡ್ಸ್‌ನ ಮಾರ್ಸೆಲ್ ಫಾನ್ ಡೆನ್ ಹೌಟ್ ಮತ್ತು ಮೆರೆಲ್ ಕಿಂಟ್ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದ್ದದ್ದು ಅಡುಗೆಮನೆಯ ಗ್ಯಾಸ್ ಒಲೆ, ಕಂಪ್ಯೂಟರ್ ಪರದೆಯ ಮೇಲೆ. ಯಾವ ಕಾಯಿಲೆಯೂ ಇಲ್ಲದ ವಿದ್ಯಾರ್ಥಿಗಳು ಕೆಲವು ಬರ್ನರುಗಳನ್ನು ಹಚ್ಚಿ, ಆರಿಸಿ, ಆರಿದೆಯೇ ಎಂದು ಪರೀಕ್ಷಿಸಬೇಕು. ಆಮೇಲೆ ಒಂದು ಗುಂಪು ಒಲೆಯನ್ನೇ 20 ಸಲ ಪರೀಕ್ಷಿಸುತ್ತ ಹೋಯಿತು. ಇನ್ನೊಂದು ಗುಂಪು ಅಷ್ಟೇ ಸಲ ಪರೀಕ್ಷಿಸಿದ್ದು ವಿದ್ಯುತ್ ದೀಪಗಳನ್ನು. ಕೊನೆಗೆ ಎರಡೂ ಗುಂಪಿಗೆ ಒಲೆಯನ್ನು ಕೊಟ್ಟು, ಕಡೆಯ ಸಲ ಯಾವ ಬರ್ನರುಗಳನ್ನು ನೋಡಿದಿರಿ ಎಂದು ಕೇಳಿದರು. ಸರಿಯುತ್ತರದಲ್ಲಿ ಎರಡೂ ಗುಂಪು ಸಮ. ಆದರೆ ಒಲೆಯನ್ನೇ ಮತ್ತೆ ಮತ್ತೆ ನೋಡಿದವರಿಗೆ ಆ ನೆನಪು ಮಸುಕಾಗಿತ್ತು, ವಿವರ ಕಳೆದುಕೊಂಡಿತ್ತು, ಅದರ ಮೇಲೆ ಭರವಸೆಯೇ ಇರಲಿಲ್ಲ. ನೆನಪು ಸರಿಯಾಗಿದೆ, ನಂಬಿಕೆ ಹೋಗಿದೆ. 2006ರಲ್ಲಿ ಕೆನಡಾದಲ್ಲಿ ಆಡಮ್ ರಾಡೊಮ್‌ಸ್ಕಿ ಮತ್ತು ಸಂಗಡಿಗರು ಪರದೆ ಬಿಟ್ಟು ನಿಜವಾದ ಅಡುಗೆಮನೆಯಲ್ಲಿ, ನಿಜವಾದ ಒಲೆಯ ಮುಂದೆ ಜನರನ್ನು ನಿಲ್ಲಿಸಿ ನೋಡಿದರು. ಅಲ್ಲಿಯೂ ಮತ್ತೆ ಮತ್ತೆ ನೋಡಿದವರ ಭರವಸೆ ಕುಸಿಯಿತು.

ಯಾಕೆ ಹೀಗೆ? ಮೊದಲ ಸಲ ನೋಡುವಾಗ ಕಣ್ಣು ಇಡುತ್ತೀರಿ. ಐದನೇ ಸಲ ನೋಡುವಷ್ಟರಲ್ಲಿ ನೋಡುವುದೇ ರೂಢಿಯಾಗಿ, ಅದೂ ಕೈಯ ಪಾಲಾಗಿರುತ್ತದೆ. ಬೀಗ ಹಾಕಿದ ನೆನಪೊಂದೇ ಅಲ್ಲ, ಬೀಗ ಜಗ್ಗಿದ ನೆನಪೂ ರಾಶಿಗೆ ಬಿತ್ತು. ಅನುಮಾನ ಕಳೆಯಲೆಂದು ಜಗ್ಗಿದ್ದು, ಜಗ್ಗಿದ್ದರಿಂದಲೇ ಅನುಮಾನ. ನಾನು ಓದಿದ ಮನಶ್ಶಾಸ್ತ್ರದ ಪ್ರಯೋಗಗಳಲ್ಲಿ ಮನೆಯೊಳಗಿನ ಸತ್ಯವನ್ನು ಇಷ್ಟು ನೇರವಾಗಿ ಹಿಡಿದದ್ದು ಕಡಿಮೆ.

ಹಾಗಾದರೆ ಮರೆವಿನ ಕಾಯಿಲೆ ಹೇಗಿರುತ್ತದೆ? ದಿನಾ ಓಡಾಡುವ ಬೀದಿಯಲ್ಲಿ ದಾರಿ ತಪ್ಪುವುದು, ಈಗ ತಾನೇ ಕೇಳಿದ್ದನ್ನೇ ಹತ್ತು ನಿಮಿಷದಲ್ಲಿ ಮತ್ತೆ ಕೇಳುವುದು, ವರ್ಷಗಟ್ಟಲೆ ಮಾಡಿದ ಸಾರಿನ ಕ್ರಮವೇ ತಪ್ಪುವುದು. ಸಾಮಾನ್ಯವಾಗಿ ಇದನ್ನು ಮೊದಲು ಗುರುತಿಸುವವರು ಮನೆಯವರು. ನಿಮ್ಮ ಮಗಳು ಅಂಥದ್ದೇನಾದರೂ ಹೇಳಿದ್ದರೆ ವೈದ್ಯರ ಹತ್ತಿರ ಹೋಗಿ, ತಡ ಮಾಡಬೇಡಿ.

ಇನ್ನೊಂದು ಕಡೆಗೂ ಸ್ವಲ್ಪ ಎಚ್ಚರ ಬೇಕು. ಮೂರು ಸಲ ಜಗ್ಗುವುದು ಹತ್ತಾಗಿ, ಇಪ್ಪತ್ತಾಗಿ, ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಇದರಲ್ಲೇ ಕಳೆಯುತ್ತಿದ್ದರೆ, ಬಸ್ಸು ತಪ್ಪುತ್ತಿದ್ದರೆ, ಊರಿಗೆ ಹೋಗುವುದನ್ನೇ ಬಿಟ್ಟಿದ್ದರೆ ಅದು ಒಸಿಡಿ ಎನ್ನುವ ಗೀಳು ಕಾಯಿಲೆ ಇರಬಹುದು. ಔಷಧವೂ ಇದೆ, ಅನುಮಾನ ಬಂದಾಗ ತಿರುಗಿ ನೋಡದೆ ತಡೆದುಕೊಳ್ಳುವುದನ್ನು ಮೆಟ್ಟಿಲು ಮೆಟ್ಟಿಲಾಗಿ ಕಲಿಸುವ ಚಿಕಿತ್ಸೆಯೂ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಬೇರೆ ಕ್ಲಿನಿಕ್ ಉಂಟು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ನಿಮ್ಮದು ಅಲ್ಲಿಗೆ ಮುಟ್ಟಿಲ್ಲ ಅನ್ನಿಸುತ್ತದೆ.

ಉಪಾಯ ಕೇಳಿದರೆ ಜಪಾನಿನ ರೈಲಿನವರ ಕಡೆ ನೋಡಬೇಕು. ಅಲ್ಲಿನ ಚಾಲಕರು ಸಿಗ್ನಲ್ ಕಂಡಾಗ ಅದರತ್ತ ಬೆರಳು ಚಾಚಿ ‘ಸಿಗ್ನಲ್ ಹಸಿರು’ ಎಂದು ಗಟ್ಟಿಯಾಗಿ ಹೇಳುತ್ತಾರೆ. ಹೊರಗಿನವರಿಗೆ ನಗು ಬರುತ್ತದೆ. 1994ರಲ್ಲಿ ಅಲ್ಲಿನ ರೈಲ್ವೆ ಸಂಶೋಧನಾ ಸಂಸ್ಥೆ ಪರೀಕ್ಷೆ ಮಾಡಿ ನೋಡಿದಾಗ ಒಂದು ಸರಳ ಕೆಲಸದಲ್ಲಿ 100ಕ್ಕೆ 2.38ರಷ್ಟಿದ್ದ ತಪ್ಪು, ಬೆರಳು ಚಾಚಿ ಬಾಯಿಬಿಟ್ಟು ಹೇಳಿದಾಗ 0.38ಕ್ಕೆ ಇಳಿದಿತ್ತು. ಬೆರಳು, ಕಣ್ಣು, ಬಾಯಿ, ಕಿವಿ ನಾಲ್ಕೂ ಸೇರಿದಾಗ ಕೈ ಒಂದೇ ಕಳ್ಳದಾರಿಯಲ್ಲಿ ಕೆಲಸ ಮುಗಿಸಲಾರದು.

ನಮ್ಮಮ್ಮನಿಗೆ ಜಪಾನು ಯಾವ ದಿಕ್ಕಿಗಿದೆ ಅಂತಲೂ ಗೊತ್ತಿರಲಿಲ್ಲ. ಬೀಗ ಒತ್ತಿ, ಒಂದು ಸಲ ಜಗ್ಗಿ, ಗುಡಿಯ ದಿಕ್ಕಿಗೆ ತಿರುಗಿ, “ಸಂತೆಗೆ ಹೋಗಿ ಬರ್ತೀನಿ, ಬೀಗ ಹಾಕಿದೀನಿ, ನೋಡ್ಕೋ ತಾಯಿ” ಅನ್ನುತ್ತಿದ್ದಳು. ಒಂದು ದಿನ ಸಂತೆ, ಒಂದು ದಿನ ತಂಗಿಯ ಮಗುವಿನ ನಾಮಕರಣ, ಒಂದು ದಿನ ಹಲ್ಲಿನ ಡಾಕ್ಟರು. ಬೀದಿಯಲ್ಲಿ ಜನ ನೋಡುತ್ತಾರೆಂದು ನಾನು ನಾಚಿ ಮುಂದೆ ಮುಂದೆ ಹೋಗಿಬಿಡುತ್ತಿದ್ದೆ. ದೊಡ್ಡವನಾಗಿ ಇಷ್ಟೆಲ್ಲ ಓದಿದ ಮೇಲೆ ನಾನು ಮಾಡಿದ್ದೇನು ಗೊತ್ತೇ? ಬೀಗದ ಫೋಟೊ ತೆಗೆದಿಟ್ಟುಕೊಳ್ಳಲು ಶುರುಮಾಡಿದೆ. ಈಗ ಮೊಬೈಲಿನಲ್ಲಿ ಒಂದೇ ತರದ ನಲವತ್ತು ಬೀಗಗಳಿವೆ. ಮೊನ್ನೆ ಬಸ್ಸಿನಲ್ಲಿ ಕೂತು, ಇದರಲ್ಲಿ ಇವತ್ತಿನದು ಯಾವುದು ಅಂತ ಹುಡುಕುತ್ತಿದ್ದೆ.

ಮುಂದಿನ ತಿಂಗಳು ಹೊರಡುವಾಗ ನೀವು ಫೋಟೊ ತೆಗೆಯಬೇಡಿ. ಬೀಗ ಒಂದೇ ಸಲ ಜಗ್ಗಿ. ಆ ದಿನಕ್ಕಷ್ಟೇ ಸೇರಿದ ಏನಾದರೊಂದನ್ನು ಜೊತೆಗೆ ಸೇರಿಸಿ ಗಟ್ಟಿಯಾಗಿ ಹೇಳಿ: ಮಗಳಿಗೆ ಕೋಡುಬಳೆ ತಗೊಂಡು ಹೋಗ್ತಿದೀನಿ, ಬೀಗ ಹಾಕಿದೀನಿ, ಅಷ್ಟು ಸಾಕು. ಶಾಂತಿಗ್ರಾಮದ ಟೋಲ್ ಬಂದಾಗ ಅನುಮಾನ ಬಂದೇ ಬರುತ್ತದೆ, ಇಷ್ಟು ವರ್ಷದ ರೂಢಿ ಅದಕ್ಕೂ ಇದೆ. ಆಗ ಕಣ್ಣು ಮುಚ್ಚಿ ಬಾಗಿಲನ್ನು ನೆನಪಿಸಿಕೊಳ್ಳಲು ಹೋಗದೆ ಕೋಡುಬಳೆಯ ಚೀಲ ಮುಟ್ಟಿ ನೋಡಿಕೊಳ್ಳಿ. ಪಕ್ಕದ ಮನೆಯವರಿಗೆ ಫೋನ್ ಮಾಡದೆ ಕೂತರೆ ಸಾಮಾನ್ಯವಾಗಿ ಚನ್ನರಾಯಪಟ್ಟಣದ ಹೊತ್ತಿಗೆ ಅದು ತಾನಾಗಿ ಇಳಿದಿರುತ್ತದೆ.