ಸತ್ತ ಸೆಲ್ಲಿನ ಗುಟುಕುಜೀವ

ಮಂಡ್ಯ ಸೀಮೆಯಲ್ಲಿ ರಾತ್ರಿ ಹೊತ್ತು ಕಬ್ಬಿನ ಗದ್ದೆಗೆ ನೀರು ಕಟ್ಟಲು ಹೋಗುವವರ ಕೈಲಿ ಒಂದು ‘ಬ್ಯಾಟ್ರಿ’ ಇರುತ್ತದೆ, ಅಂದರೆ ಟಾರ್ಚು. ಮಂಕಾಯಿತೆಂದು ಅದರಿಂದ ತೆಗೆದು ಎಸೆಯುವ ಸೆಲ್ಲು ಪೂರ್ತಿ ಸತ್ತಿರುವುದಿಲ್ಲ. 1.5 ವೋಲ್ಟ್ ಇದ್ದದ್ದು 1ರ ಆಸುಪಾಸಿಗೆ ಇಳಿದಿರುತ್ತದೆ, ಅಷ್ಟೆ. ಬಿಳಿ ಎಲ್‌ಇಡಿ ಉರಿಯಲು ಸುಮಾರು 3 ವೋಲ್ಟ್ ಬೇಕು. ಒಂದು ಟ್ರಾನ್ಸಿಸ್ಟರ್ (ಕರೆಂಟಿನ ಸ್ವಿಚ್ಚು), ಒಂದು ರೆಸಿಸ್ಟರ್ (ಕರೆಂಟಿಗೆ ತಡೆ), ಒಂದು ತಂತಿ ಸುರುಳಿ ಸೇರಿ ಈ ಕೊರತೆ ತುಂಬುವ ಸರ್ಕ್ಯೂಟೇ ‘ಜೂಲ್ ಥೀಫ್’. ಜೂಲ್ ಶಕ್ತಿಯ ಅಳತೆ; ಇಂಗ್ಲಿಷಿನ ‘ಜ್ಯುವೆಲ್ ಥೀಫ್’ (ಒಡವೆಗಳ್ಳ) ಪದದ ಮೇಲೆ ಆಡಿದ ಶ್ಲೇಷೆ ಇದು.

ಝೆಡ್. ಕಪರ್ನಿಕ್ ಎಂಬವರ ಈ ಸರ್ಕ್ಯೂಟು ಬ್ರಿಟನ್ನಿನ ‘ಎವ್ರಿಡೇ ಪ್ರಾಕ್ಟಿಕಲ್ ಎಲೆಕ್ಟ್ರಾನಿಕ್ಸ್’ ಪತ್ರಿಕೆಯ 1999ರ ನವೆಂಬರ್ ಸಂಚಿಕೆಯಲ್ಲಿ ಬಂತು. ಹೆಸರಿಟ್ಟವರು ಕ್ಲೈವ್ ಮಿಚೆಲ್. ಬೇರು ಮಾತ್ರ ವಾಲ್ವ್ ರೇಡಿಯೋ ಕಾಲದ್ದು: ತನ್ನನ್ನು ತಾನೇ ಹೊತ್ತಿಸಿ ಆರಿಸಿಕೊಳ್ಳುವ ‘ಬ್ಲಾಕಿಂಗ್ ಆಸಿಲೇಟರ್’ ಸರ್ಕ್ಯೂಟು.

ಕೆಟ್ಟ ಸಿಎಫ್‌ಎಲ್ ಬಲ್ಬಿನೊಳಗೆ ಫೆರೈಟ್ ಎಂಬ ಕಾಂತೀಯ ಪಿಂಗಾಣಿಯ ಪುಟ್ಟ ಬಳೆ ಸಿಗುತ್ತದೆ (ಗಾಜು ಒಡೆಯಬೇಡಿ, ಪಾದರಸವಿದೆ). ಕಂಪ್ಯೂಟರ್ ಪವರ್ ಸಪ್ಲೈನ ಹಳದಿ ಬಳೆ ಬೇಡ. ಅದು ಕಬ್ಬಿಣದ ಪುಡಿಯದು, ಅಷ್ಟೇ ಸುತ್ತು ಸುತ್ತಿದರೆ ಅದರ ಇಂಡಕ್ಟೆನ್ಸ್ (ಕರೆಂಟಿನ ಏರಿಳಿತವನ್ನು ತಡೆಯುವ ಗುಣ) ತೀರಾ ಕಡಿಮೆ. ಎರಡು ಬಣ್ಣದ ತಂತಿಗಳನ್ನು ಜೊತೆಗೂಡಿಸಿ ಫೆರೈಟ್ ಬಳೆಗೆ 12ರಿಂದ 20 ಸುತ್ತು ಸುತ್ತಿ. ಒಂದರ ಮೊದಲ ತುದಿಯನ್ನು ಇನ್ನೊಂದರ ಕೊನೆಯ ತುದಿಗೆ ಹೊಸೆದು ಸೆಲ್ಲಿನ ಪ್ಲಸ್ಸಿಗೆ ಕೊಡಿ. ಟ್ರಾನ್ಸಿಸ್ಟರಿಗೆ ಬೇಸ್, ಕಲೆಕ್ಟರ್, ಎಮಿಟರ್ ಎಂದು ಮೂರು ಕಾಲು. ಉಳಿದ ಎರಡು ತುದಿಗಳಲ್ಲಿ ಒಂದು, 1 ಕಿಲೋಓಮ್ ರೆಸಿಸ್ಟರ್ ಮೂಲಕ ಬೇಸ್ ಕಾಲಿಗೆ, ಮತ್ತೊಂದು ನೇರ ಕಲೆಕ್ಟರಿಗೆ. ಎಮಿಟರ್ ಸೆಲ್ಲಿನ ಮೈನಸ್ಸಿಗೆ. ಎಲ್‌ಇಡಿಯ ಉದ್ದ ಕಾಲು ಕಲೆಕ್ಟರಿಗೆ, ಗಿಡ್ಡ ಕಾಲು ಎಮಿಟರಿಗೆ.

ಕಲೆಕ್ಟರ್ ಸುರುಳಿಯಲ್ಲಿ ಕರೆಂಟು ಏರುತ್ತಿದ್ದಂತೆ ಜೋಡಿ ಸುರುಳಿ ಬೇಸನ್ನು ಇನ್ನಷ್ಟು ತಳ್ಳುತ್ತದೆ. ಬಳೆಯ ಕಾಂತತ್ವ ತುಂಬಿಹೋದಾಗಲೋ, ಟ್ರಾನ್ಸಿಸ್ಟರಿಗೆ ಇನ್ನು ತಾಳದೆಂದಾಗಲೋ ಆ ತಳ್ಳು ನಿಂತು ಟ್ರಾನ್ಸಿಸ್ಟರ್ ಪಟ್ಟನೆ ಮುಚ್ಚಿಕೊಳ್ಳುತ್ತದೆ. ಸುರುಳಿ ಒಮ್ಮೆಲೇ ಕರೆಂಟು ಬಿಡಲೊಲ್ಲದು. ವೋಲ್ಟೇಜನ್ನು ಎತ್ತಿ ಎಲ್‌ಇಡಿಯೊಳಗೆ ನುಗ್ಗಿಸುತ್ತದೆ. ಸೆಕೆಂಡಿಗೆ ಹತ್ತಾರು ಸಾವಿರ ಸಲ ಹೀಗೆ.

ಉರಿಯಲಿಲ್ಲವೆ? ಹೆಚ್ಚಿನ ಸಲ ಸುತ್ತಿನ ದಿಕ್ಕೇ ತಪ್ಪಿರುತ್ತದೆ. ಒಂದು ಸುರುಳಿಯ ಎರಡು ತುದಿಗಳನ್ನು ಅದಲುಬದಲು ಮಾಡಿ. ಎನಾಮಲ್ ತಂತಿಯಾದರೆ ತುದಿ ಕೆರೆಯಲು ಮರೆತಿರಬಹುದು. ಟ್ರಾನ್ಸಿಸ್ಟರಿನ ಕಾಲುಗಳ ಗೊಂದಲವೂ ಉಂಟು: ಚಪ್ಪಟೆ ಮುಖ ನಮ್ಮ ಕಡೆಗಿಟ್ಟರೆ ಬಿ.ಸಿ. 547 ಎಂಬ ಮಾದರಿಯಲ್ಲಿ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. 2ಎನ್ 3904 ಮಾದರಿಯಲ್ಲಿ ಇದು ತಿರುಗಾಮುರುಗಾ. 547ಕ್ಕೆ 100 ಮಿಲಿ ಆಂಪಿಯರೇ ಮಿತಿ, ಹಾಗಾಗಿ ಬಿ.ಸಿ. 337 ವಾಸಿ. ಎಲ್‌ಇಡಿ ಇಲ್ಲದೆ ಚಾಲೂ ಮಾಡಿದರೆ ಏರಿದ ವೋಲ್ಟೇಜು ಟ್ರಾನ್ಸಿಸ್ಟರನ್ನೇ ಸುಡಬಹುದು. ರೀಚಾರ್ಜ್ ಸೆಲ್ಲು ಬೇಡವೇ ಬೇಡ. ಅತಿಯಾಗಿ ಹಿಂಡಿದರೆ ಅದು ಕೆಡುತ್ತದೆ. ಮಾಮೂಲಿ ಸೆಲ್ಲೂ ಪೂರ್ತಿ ಬತ್ತಿದ ಮೇಲೆ ಸೋರುತ್ತದೆ, ದೀಪದೊಳಗೇ ಬಿಡಬೇಡಿ.

ಮಿಣುಕಿಲ್ಲದ ಡಿಸಿ ಬೇಕೆಂದರೆ ಕಲೆಕ್ಟರಿನಿಂದ ಒಂದು ಶಾಟ್ಕಿ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ದಾಟಿಸಿ ಕೆಪಾಸಿಟರ್ (ಚಾರ್ಜು ಹಿಡಿದಿಡುವ ಬಿಡಿಭಾಗ) ತುಂಬಿಸಬಹುದು. ತೋಟದ ಸೋಲಾರ್ ದೀಪಗಳಲ್ಲಿ ವೋಲ್ಟೇಜು ಏರಿಸುವ ಕೆಲಸವನ್ನು ನಾಲ್ಕು ಕಾಲಿನ ಒಂದು ಚಿಪ್ಪು ಸುರುಳಿಯ ಜೊತೆ ಸೇರಿ ಮಾಡುತ್ತದೆ. ನಾಲೆ ಬಯಲಿನ ಮನೆಗಳಲ್ಲಿರುವ ಸೊಳ್ಳೆ ಬ್ಯಾಟು ಕೂಡ ಇದೇ ವಂಶದ್ದು. ಸುರುಳಿಗೆ ಬದಲು ಟ್ರಾನ್ಸ್‌ಫಾರ್ಮರು, ಬೆನ್ನಿಗೆ ಡಯೋಡು–ಕೆಪಾಸಿಟರುಗಳ ಸಾಲು. ಗುಂಡಿ ಬಿಟ್ಟ ಮೇಲೂ ಅದರಲ್ಲಿ ಚಾರ್ಜು ಉಳಿದಿರುತ್ತದೆ. ಬಿಚ್ಚುವ ಮೊದಲು ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರಿನಿಂದ ಜಾಲರಿಗಳನ್ನು ಒಂದಕ್ಕೊಂದು ಮುಟ್ಟಿಸಿ.